ಎಲ್ಲವೂ ಕಾಣುವ ಯಂತ್ರ

ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋದವರಿಗೆ ಚಕ್ಕಡಿಗಳ ಸಾಲು ಹೊಸದಲ್ಲ. ಎತ್ತು ಬಿಚ್ಚಿ, ನೊಗ ನೆಲಕ್ಕೆ ಇಳಿಸಿ ನಿಲ್ಲಿಸಿದ ಗಾಡಿಗಳ ನಡುವೆ ಯಾರಾದರೊಬ್ಬರು ತಮ್ಮ ಹಳೆಯ ಸೈಕಲ್ಲನ್ನು ಗಾಡಿಯ ಗಾಲಿಗೆ ಆನಿಸಿ ಹೋಗಿರುತ್ತಾರೆ. ಆ ಎರಡು ಗಾಲಿಗಳನ್ನು ಒಟ್ಟಿಗೆ ಕಂಡಾಗ ನನಗೆ ಅಲ್ಲಿಂದ ಕಾಲು ಕೀಳಲು ಮನಸ್ಸಾಗುವುದಿಲ್ಲ. ಎರಡೂ ದುಂಡಗಿವೆ. ಎರಡಕ್ಕೂ ನಡುವೆ ಗುಂಬ, ಸುತ್ತ ಅರ. ಆದರೆ ಭಾರ ಹೊರುವ ಬಗೆಯಲ್ಲಿ ಒಂದಕ್ಕೊಂದು ಪೂರಾ ಉಲ್ಟಾ.

ಚಕ್ಕಡಿಯದು ಒತ್ತಿ ನಿಲ್ಲುವ ಗಾಲಿ. ಬಡಿಗ ಜಾಲಿಯ ಕಟ್ಟಿಗೆಯಲ್ಲಿ ಅರ ಕೆತ್ತಿ, ಗುಂಬಕ್ಕೆ ಹೊಡೆದು, ಸುತ್ತ ಕಟ್ಟಿಗೆಯ ಬಳೆ ಕೂಡಿಸಿ ಕೊಟ್ಟ ಮೇಲೆ ಕಮ್ಮಾರನ ಸರದಿ. ಕಬ್ಬಿಣದ ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ನಾಲ್ಕು ಮಂದಿ ಇಕ್ಕಳದಲ್ಲಿ ಹಿಡಿದು ಗಾಲಿಗೆ ತೊಡಿಸಿ, ಸುತ್ತಲೂ ನೀರು ಸುರಿಯುತ್ತಾರೆ. ಹಳಿ ಕುಗ್ಗುತ್ತದೆ, ಕುಗ್ಗುತ್ತ ಒಳಗಿನ ಕಟ್ಟಿಗೆಯನ್ನೆಲ್ಲ ಗುಂಬದ ಕಡೆಗೆ ಅದುಮುತ್ತದೆ. ಗಾಡಿಗೆ ಹೇರು ಬಿದ್ದಾಗ ಗುಂಬದ ಕೆಳಗಿರುವ ಅರ ಆ ಭಾರವನ್ನು ನಿಂತು ಹೊರುತ್ತದೆ. ಅದಕ್ಕೇ ಆ ಅರಗಳು ಮುಂಗೈಯಷ್ಟು ದಪ್ಪ.

ಸೈಕಲ್ಲಿನ ಕಡ್ಡಿ ಎರಡು ಮಿಲಿಮೀಟರಿನ ತಂತಿ. ಬಿಡಿಯಾಗಿ ಕೈಗೆ ಕೊಟ್ಟರೆ ಸಣ್ಣ ಮಗುವೂ ಬಗ್ಗಿಸೀತು. ನಿಲ್ಲಿಸಿ ಅದರ ತಲೆಯ ಮೇಲೆ ಅಂಗೈ ಒತ್ತಿದರೆ ಬಾಗಿ ಬೀಳುತ್ತದೆ. ಅಂಥ ಕಡ್ಡಿಗಳು ನಮ್ಮ ಕಡೆಯ ಹಳೆಯ ಕರಿ ಸೈಕಲ್ಲುಗಳಲ್ಲಿ ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40. ಅವುಗಳ ಮೇಲೆ ಸವಾರ, ಕ್ಯಾರಿಯರಿನಲ್ಲಿ ಹೆಂಡತಿ, ಮುಂದಿನ ದಾಂಡಿನ ಮೇಲೆ ಮಗು, ಹ್ಯಾಂಡಲ್ಲಿಗೆ ಸಂತೆಯ ಚೀಲ. ಇದೆಲ್ಲ ಹೇಗೆ ಸಾಧ್ಯ ಎಂದು ತಿಳಿಯಬೇಕಾದರೆ ನುಲಿ ಹೊರಸನ್ನು ನೆನೆಯಬೇಕು. ಹೊರಸಿನ ನುಲಿ ತಾನಾಗಿ ಯಾರನ್ನೂ ಎತ್ತಿ ಹಿಡಿಯಲಾರದು. ನಾಲ್ಕು ಕಡೆಯ ಕಟ್ಟಿಗೆಗೆ ಬಿಗಿದು ಎಳೆದಾಗ ಮಾತ್ರ ಅದರ ಮೇಲೆ ಮೈ ಚಾಚಬಹುದು. ಸೈಕಲ್ಲಿನ ಗಾಲಿ ಅಂಥದೊಂದು ಹೊರಸು, ಉರುಳುವ ಹೊರಸು. ಎಲ್ಲ ಕಡ್ಡಿಗಳೂ ರಿಮ್ಮಿನಿಂದ ಗುಂಬಕ್ಕೆ ಮೊದಲೇ ಬಿಗಿಯಾಗಿ ಎಳೆದುಕೊಂಡಿರುತ್ತವೆ. ಭಾರ ಬಿದ್ದಾಗ ನೆಲದ ಕಡೆಯ ನಾಲ್ಕಾರು ಕಡ್ಡಿಗಳ ಬಿಗಿ ಒಂದಿಷ್ಟು ಕಡಿಮೆಯಾಗುತ್ತದೆ, ಅಷ್ಟೇ. ಗಾಲಿ ಉರುಳಿದಂತೆ ಆ ಸಡಿಲ ಮುಂದಿನ ಕಡ್ಡಿಗಳಿಗೆ ದಾಟುತ್ತ ಹೋಗುತ್ತದೆ. ಒತ್ತುವ ಬಲವೇ ಇಲ್ಲದ ತಂತಿಗಳು ಬರೀ ಎಳೆತದಿಂದ ಸಂಸಾರವೊಂದನ್ನು ಹೊತ್ತು ಅಥಣಿಯ ರಸ್ತೆಯಲ್ಲಿ ಸಾಗುತ್ತವೆ.

ಈ ಎಳೆತವನ್ನು ಸಮ ಮಾಡುವ ಕೆಲಸಕ್ಕೆ ನಮ್ಮಲ್ಲಿ ಔಟ್ ತೆಗೆಯುವುದು ಎನ್ನುತ್ತಾರೆ. ರಾಯಬಾಗದ ಕಡೆಯ ಒಂದು ಅಂಗಡಿಯಲ್ಲಿ ಅದನ್ನು ತಾಸುಗಟ್ಟಲೆ ನೋಡುತ್ತ ಕೂತಿದ್ದೇನೆ. ಶಾಲೆಯ ಹುಡುಗನೊಬ್ಬ ಸೈಕಲ್ ನೂಕಿಕೊಂಡು ಬಂದ. “ಕಾಕಾ, ಗಾಲಿ ಬ್ರೇಕಿಗೆ ತಾಗಾಕತ್ತೈತ್ರಿ.”

“ಎಲ್ಲಿ ಕೆಡವಿದ್ಯೋ ತಮ್ಮಾ?” ಎನ್ನುತ್ತಲೇ ಅಂಗಡಿಯವರು ಸೈಕಲ್ಲನ್ನು ತಲೆಕೆಳಗು ಮಾಡಿ ಗಾಲಿ ತಿರುವಿದರು. ರಿಮ್ಮು ಒಂದು ಕಡೆ ಬಂದಾಗ ಎಡಕ್ಕೆ ವಾಲಿ ಬ್ರೇಕಿನ ರಬ್ಬರಿಗೆ ಸವರುತ್ತಿತ್ತು. ಅವರು ಅಳತೆಯ ಸಾಧನ ಯಾವುದನ್ನೂ ತೆಗೆಯಲಿಲ್ಲ. ಹೆಬ್ಬೆರಳಿನ ಉಗುರನ್ನು ರಿಮ್ಮಿನ ಹತ್ತಿರ ಇಟ್ಟು, ಇನ್ನೊಂದು ಕೈಯಿಂದ ಕಡ್ಡಿಗಳನ್ನು ಒಂದೊಂದಾಗಿ ಮೀಟುತ್ತ ಹೋದರು. “ಸಪ್ಪಳ ಕೇಳ. ಬಿಗಿ ಇದ್ದದ್ದು ಟಣ್ ಅಂತೈತಿ. ಸಡಲ ಆದದ್ದು ಬದ್ ಅಂತೈತಿ.” ಬದ್ ಎಂದ ಕಡೆ ಬಲಮಗ್ಗುಲಿನ ಕಡ್ಡಿಯ ನಿಪ್ಪಲ್ಲನ್ನು ಕಾಲು ಸುತ್ತು ಬಿಗಿ ಮಾಡಿ, ಎಡಮಗ್ಗುಲಿನದನ್ನು ಅಷ್ಟೇ ಸಡಿಲಿಸಿದರು. ಮತ್ತೆ ತಿರುವಿದರು, ಮತ್ತೆ ಮೀಟಿದರು. ಸ್ವಲ್ಪ ಹೊತ್ತಿಗೆ ರಿಮ್ಮು ಉಗುರಿಗೆ ಕೂದಲೆಳೆಯ ದೂರದಲ್ಲಿ, ಎಲ್ಲೂ ತಾಗದೆ, ತಿರುಗತೊಡಗಿತು. ಹುಡುಗ ದುಡ್ಡು ಕೊಟ್ಟು ಹೋದ. ನಾನು ಮಾತ್ರ ಕಂಡದ್ದನ್ನು ನಂಬಲಾರದೆ ಕೂತೆ. ನಲವತ್ತು ಎಳೆತಗಳ ಲೆಕ್ಕವನ್ನು ಕಾಗದದ ಮೇಲೆ ಬಿಡಿಸುವುದು ಎಂಜಿನಿಯರಿಗೂ ಸುಲಭದ ಕೆಲಸವಲ್ಲ. ಇವರು ಅದನ್ನು ಕಿವಿಯಿಂದ ಮಾಡಿ ಮುಗಿಸಿದ್ದರು.

ಆ ಗಾಲಿಯ ಕಡ್ಡಿಗಳು ಗುಂಬದಿಂದ ನೇರ ಹೊರಡುವುದಿಲ್ಲ, ಒಂದನ್ನೊಂದು ಅಡ್ಡ ಹಾಯ್ದು ಓರೆಯಾಗಿ ಹೊರಡುತ್ತವೆ ಎಂಬುದನ್ನು ನೀವು ಗಮನಿಸಿರಬಹುದು. ಚೈನು ಗುಂಬವನ್ನು ಮಾತ್ರ ತಿರುಗಿಸುತ್ತದೆ. ಆ ತಿರುಗಿಸುವ ಬಲ ರಿಮ್ಮಿಗೆ ತಲುಪಬೇಕಾದರೆ ಯಾವುದಾದರೂ ಕಡ್ಡಿ ಓರೆಯಲ್ಲಿ ಎಳೆಯಲೇಬೇಕು. ನೇರ ಕಡ್ಡಿಯಾದರೆ ಗುಂಬ ತಿರುಗಿದಾಗ ಬುಡದಲ್ಲೇ ತಿರುಚಿಕೊಳ್ಳುತ್ತದೆ. ಈ ಓರೆ ಕಡ್ಡಿಯ ಉಪಾಯವನ್ನು 1874ರಲ್ಲಿ ಕಂಡುಕೊಂಡವನು ಇಂಗ್ಲೆಂಡಿನ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ. ಹೊಲಿಗೆ ಯಂತ್ರದ ಕಾರ್ಖಾನೆಯಲ್ಲಿ ಪಳಗಿದ ಕೈ ಅದು. ಅಂದಿನಿಂದ ಇಂದಿನವರೆಗೆ ಗಾಲಿ ಕಟ್ಟುವ ಕ್ರಮ ಹೆಚ್ಚೇನೂ ಬದಲಾಗಿಲ್ಲ.

ಇಷ್ಟು ಸರಳ ವಸ್ತು ಇಷ್ಟು ತಡವಾಗಿ ಯಾಕೆ ಬಂತು? ಗಾಲಿ ಮನುಷ್ಯನಿಗೆ ಐದು ಸಾವಿರ ವರ್ಷಗಳಿಂದ ಗೊತ್ತು. ಕಬ್ಬಿಣ ಗೊತ್ತಿತ್ತು, ರಥ ಗೊತ್ತಿತ್ತು, ನೀರೆತ್ತುವ ರಾಟೆ ಗೊತ್ತಿತ್ತು. ಆದರೆ ಎರಡು ಗಾಲಿಗಳನ್ನು ಒಂದರ ಹಿಂದೊಂದು ಜೋಡಿಸಿ, ಅದರ ಮೇಲೆ ಕೂತು, ಬೀಳದೆ ಹೋಗಬಹುದು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಹೊಳೆಯುವುದು ಸುಲಭವೂ ಆಗಿರಲಿಲ್ಲ. ನಿಲ್ಲಿಸಿದರೆ ಬೀಳುವ ವಸ್ತು ಓಡಿದರೆ ಬೀಳುವುದಿಲ್ಲ ಎಂದು ಕಣ್ಣಾರೆ ನೋಡದೆ ನಂಬುವುದು ಹೇಗೆ? ಅದನ್ನು ಮೊದಲು ನಂಬಿ ಕೂತವನು ಜರ್ಮನಿಯ ಬಾಡೆನ್ ಸಂಸ್ಥಾನದ ಅರಣ್ಯಾಧಿಕಾರಿ ಕಾರ್ಲ್ ಫಾನ್ ಡ್ರೈಸ್. 1817ರ ಜೂನ್ 12ರಂದು ಮಾನ್‌ಹೈಮ್ ಊರಿನಿಂದ ತನ್ನ ಮರದ ಗಾಡಿಯ ಮೇಲೆ ಹೊರಟು, ಕಾಲಿನಿಂದ ನೆಲ ಒದೆಯುತ್ತ, ಹೋಗಿ ಬಂದ. ಪೆಡಲ್ ಇಲ್ಲ, ಚೈನಿಲ್ಲ, ಬರೀ ಎರಡು ಗಾಲಿ ಮತ್ತು ಮುಂದಿನ ಗಾಲಿಯನ್ನು ಹೊರಳಿಸುವ ಹಿಡಿಕೆ. ಎರಡು ವರ್ಷ ಮೊದಲು, 1815ರಲ್ಲಿ, ಈಗಿನ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಅದರ ಧೂಳು ಜಗತ್ತಿನ ಬಿಸಿಲನ್ನೇ ಮಂಕಾಗಿಸಿತ್ತು. 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ, ಬೆಳೆ ಕೈಕೊಟ್ಟಿತು, ಕುದುರೆಗೆ ಹಾಕಲು ಓಟ್ಸ್ ಸಿಗದಾಯಿತು. ಕುದುರೆ ಬೇಡದ ವಾಹನದ ಯೋಚನೆ ಡ್ರೈಸನಿಗೆ ಬಂದದ್ದು ಆ ಬರದಿಂದ ಎಂದು ಹೇಳುವ ಇತಿಹಾಸಕಾರರಿದ್ದಾರೆ, ಎಲ್ಲರೂ ಒಪ್ಪಿಲ್ಲ. ಮೇವಿಲ್ಲದೆ ದನಗಳನ್ನು ಸಂತೆಗೆ ಹೊಡೆದ ವರ್ಷಗಳನ್ನು ಕಂಡ ಅಥಣಿಯ ರೈತನಿಗೆ ಆ ಮಾತು ತಟ್ಟನೆ ನಿಜ ಅನ್ನಿಸೀತು.

ಆ ಮೇಲಿನದು ಒಂದರ ಬೆನ್ನಿಗೊಂದು ಬಂದ ಹೊಳಹುಗಳ ಕತೆ. 1860ರ ದಶಕದಲ್ಲಿ ಪ್ಯಾರಿಸ್ಸಿನವರು ಮುಂದಿನ ಗಾಲಿಗೇ ಪೆಡಲ್ ಕೂಡಿಸಿದರು. ಪೆಡಲ್ ಒಂದು ಸುತ್ತು ಬಂದರೆ ಗಾಲಿಯೂ ಒಂದೇ ಸುತ್ತು. ಹೆಚ್ಚು ದೂರ ಹೋಗಬೇಕೆಂದರೆ ಗಾಲಿಯನ್ನೇ ದೊಡ್ಡದು ಮಾಡಬೇಕು. ಹಾಗೆ ಬೆಳೆಯುತ್ತ ಬೆಳೆಯುತ್ತ ಮುಂದಿನ ಗಾಲಿ ಆಳಿನ ಎದೆಮಟ್ಟ ಬಂತು, ಹಿಂದಿನದು ಮೊಳದುದ್ದ ಉಳಿಯಿತು. ಅಂಥ ಎತ್ತರದ ಸೈಕಲ್ ಏರಿ ಥಾಮಸ್ ಸ್ಟೀವನ್ಸ್ ಎಂಬಾತ 1886ರಲ್ಲಿ ಲಾಹೋರಿನಿಂದ ಕಲ್ಕತ್ತೆಗೆ ಹೋದ, ಜಗತ್ತನ್ನೇ ಸುತ್ತಿದ. ಆದರೆ ದಾರಿಯಲ್ಲಿ ಒಂದು ಕಲ್ಲು ಅಡ್ಡ ಬಂದರೆ ಸವಾರ ತಲೆಕೆಳಗಾಗಿ ಬೀಳುತ್ತಿದ್ದ. 1885ರಲ್ಲಿ ಜೇಮ್ಸ್ ಸ್ಟಾರ್ಲಿಯ ಅಣ್ಣತಮ್ಮಂದಿರ ಮಗ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಎಂಬ ಸೈಕಲ್ ಮಾಡಿದ. ಚೈನು ಬಂದು ಹಿಂದಿನ ಗಾಲಿಗೆ ಸೇರಿತು. ಮುಂದಿನ ಹಲ್ಲುಚಕ್ರ ದೊಡ್ಡದು, ಹಿಂದಿನದು ಸಣ್ಣದು, ಆದ್ದರಿಂದ ಗಾಲಿ ಸಣ್ಣದಿದ್ದರೂ ಪೆಡಲಿನ ಒಂದು ಸುತ್ತಿಗೆ ಗಾಲಿಗೆ ಒಂದಕ್ಕಿಂತ ಹೆಚ್ಚು ಸುತ್ತು. ಗಾಲಿಯ ಅಳತೆಗೂ ಕಾಲಿನ ಉದ್ದಕ್ಕೂ ಇದ್ದ ಗಂಟು ಬಿಚ್ಚಿತು. ಇಂದು ನಿಪ್ಪಾಣಿಯ ಯಾವ ಅಂಗಡಿಯ ಮುಂದೆ ನಿಂತ ಸೈಕಲ್ಲಿಗೂ ಆ ರೋವರಿನ ಮೈಕಟ್ಟೇ. 1885ರ ಮನುಷ್ಯನನ್ನು ಕರೆತಂದು ನಮ್ಮ ಕಾರು, ಫೋನು ತೋರಿಸಿದರೆ ಕಂಗಾಲಾಗುತ್ತಾನೆ. ಸೈಕಲ್ ಕೊಟ್ಟರೆ ಹತ್ತಿ ಹೋಗುತ್ತಾನೆ.

ಇನ್ನು ಹವೆ. ಬೆಲ್‌ಫಾಸ್ಟ್ ಊರಿನ ದನದ ಡಾಕ್ಟರು ಜಾನ್ ಬಾಯ್ಡ್ ಡನ್ಲಪ್, ಕಲ್ಲುಹಾಸಿನ ಬೀದಿಯಲ್ಲಿ ತನ್ನ ಮಗನ ಮೂರುಗಾಲಿಯ ಸೈಕಲ್ ಕುಲುಕಾಡುವುದನ್ನು ನೋಡಿ, ರಬ್ಬರಿನ ಕೊಳವೆಗೆ ಬಟ್ಟೆ ಸುತ್ತಿ, ಒಳಗೆ ಹವೆ ತುಂಬಿ ಗಾಲಿಗೆ ಕಟ್ಟಿದ. ಅದಕ್ಕೆ 1888ರಲ್ಲಿ ಪೇಟೆಂಟ್ ಪಡೆದ. ಆತನಿಗಿಂತ ನಾಲ್ಕು ದಶಕ ಮೊದಲೇ ರಾಬರ್ಟ್ ಥಾಮ್ಸನ್ ಇದನ್ನೇ ಕಂಡುಹಿಡಿದಿದ್ದ. ಆದರೆ ಆಗ ಅದಕ್ಕೆ ತಕ್ಕ ಸೈಕಲ್ಲೇ ಇರಲಿಲ್ಲ, ಜಗತ್ತು ಮರೆಯಿತು. ಡನ್ಲಪ್‌ನ ಹವೆ ಸೈಕಲ್ಲಿನಿಂದ ಮೋಟಾರಿಗೆ ಹೋಯಿತು, ಅಲ್ಲಿಂದ ನಮ್ಮ ಎತ್ತಿನ ಗಾಡಿಗೂ ಬಂತು. ಕಬ್ಬಿನ ಹಂಗಾಮಿನಲ್ಲಿ ಉಗಾರದ ಕಾರ್ಖಾನೆಯ ದಾರಿ ಹಿಡಿಯುತ್ತಿದ್ದ ರಬ್ಬರ್ ಗಾಲಿಯ ಗಾಡಿಗಳನ್ನು ನಮ್ಮವರು ಡನ್ಲಪ್ ಗಾಡಿ ಎಂದೇ ಕರೆದರು. ಹಳಿ ಗಾಲಿಯ ಚಕ್ಕಡಿ ಎಳೆಯುತ್ತಿದ್ದ ಅದೇ ಜೋಡಿ ಎತ್ತು ಅದರ ಎಷ್ಟೋ ಪಟ್ಟು ಕಬ್ಬನ್ನು ಎಳೆಯತೊಡಗಿದವು. ಮಗನ ಮೈ ನೋಯಬಾರದೆಂದು ಒಬ್ಬ ತಂದೆ ಮಾಡಿದ ಕೆಲಸ, ಕೃಷ್ಣಾ ದಂಡೆಯ ಎತ್ತಿನ ಹೆಗಲಿಗೆ ಹಗುರಾಯಿತು. ಆತ ದನದ ಡಾಕ್ಟರೇ ಆಗಿದ್ದನೆಂಬುದು ನನಗೆ ಇನ್ನಷ್ಟು ಇಷ್ಟ.

ಅದೇ 1888ನ್ನು ನಮ್ಮ ಜಿಲ್ಲೆಯ ಇನ್ನೊಂದು ಕತೆಯೂ ತನ್ನ ಮೊದಲ ವರ್ಷವೆಂದು ಹೇಳಿಕೊಳ್ಳುತ್ತದೆ. ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರಿಗೆ ಚಿತ್ರ ಬರೆಯುವ ಆಸೆ. ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರಿದರು. ಕೆಲವು ಬಣ್ಣಗಳನ್ನು ಗುರುತಿಸಲು ಕಣ್ಣು ಒಪ್ಪದೆಂದು ತಿಳಿದಾಗ ವರ್ಣಚಿತ್ರ ಬಿಟ್ಟು, ಬಣ್ಣ ಬೇಡದ ಯಂತ್ರರೇಖನವನ್ನು ಹಿಡಿದರು. ಆ ಮೇಲೆ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸಿದರು. ಮುಂಬಯಿಯ ಬೀದಿಯಲ್ಲಿ ಕಂಡ ಸೈಕಲ್ ಅವರನ್ನು ಹಿಡಿದು ನಿಲ್ಲಿಸಿತು. ಸೈಕಲ್ ತರಿಸಿ ಬೆಳಗಾವಿಯಲ್ಲಿದ್ದ ಅಣ್ಣ ರಾಮಚಂದ್ರರಾಯರಿಗೆ ಕಳಿಸುವುದು, ಅಣ್ಣ ಅಲ್ಲಿ ಮಾರುವುದು, ಕೊಂಡವರಿಗೆ ಹತ್ತಿ ಇಳಿಯಲು ಕಲಿಸುವುದು: ಕಿರ್ಲೋಸ್ಕರ್ ಬ್ರದರ್ಸ್ ಎಂಬ ಹೆಸರಿನ ಬುಡ ಅಲ್ಲಿದೆ. ಕೊನೆಗೆ ಲಕ್ಷ್ಮಣರಾಯರೂ ಮುಂಬಯಿಯ ಕೆಲಸ ಬಿಟ್ಟು ಬೆಳಗಾವಿಗೆ ಬಂದರು.

ರೇಖನ ಕಲಿಸಿದ ಮೇಷ್ಟರಿಗೆ ಸೈಕಲ್ ಯಾಕೆ ಅಷ್ಟು ಹಿಡಿಸಿತು ಎಂಬುದನ್ನು ನಾನು ಹೀಗೆ ಊಹಿಸುತ್ತೇನೆ. ಅದು ತಾನೇ ಒಂದು ರೇಖಾಚಿತ್ರ. ಗಡಿಯಾರದ ಕೆಲಸ ಡಬ್ಬಿಯೊಳಗೆ ಅಡಗಿದೆ, ಉಗಿ ಎಂಜಿನ್ನಿನ ಕೆಲಸ ಕೊಳವೆಯೊಳಗೆ. ಸೈಕಲ್ಲಿನಲ್ಲಿ ಬಲ ಎಲ್ಲಿ ಹುಟ್ಟುತ್ತದೆ, ಯಾವ ದಾರಿ ಹಿಡಿದು ಎಲ್ಲಿಗೆ ಹೋಗುತ್ತದೆ ಎಂಬುದು ಪಾದದಿಂದ ಪೆಡಲ್, ಪೆಡಲಿನಿಂದ ಚೈನು, ಚೈನಿನಿಂದ ಫ್ರೀವೀಲು, ಅಲ್ಲಿಂದ ಕಡ್ಡಿ, ರಿಮ್ಮು, ನೆಲ ಎಂದು ಬೆರಳಿಟ್ಟು ತೋರಿಸಬಹುದಾದಷ್ಟು ಬಯಲು. ಮುಚ್ಚಿಟ್ಟದ್ದು ಏನೂ ಇಲ್ಲ. ಕೆಟ್ಟರೆ ಎಲ್ಲಿ ಕೆಟ್ಟಿತೆಂದು ಕಾಣುತ್ತದೆ. ಬಿಚ್ಚಿದರೆ ಮತ್ತೆ ಜೋಡಿಸಬಹುದು. ಜೋಡಿಸಿದವನಿಗೆ ಇದೇ ಹಲ್ಲು, ಇದೇ ಬೇರಿಂಗು, ಇದೇ ಕೊಳವೆಯಿಂದ ಇನ್ನೇನು ಮಾಡಬಹುದು ಎಂಬ ಯೋಚನೆ ಬಾರದೆ ಇರದು. ಕಿರ್ಲೋಸ್ಕರರಿಗೆ ಬಂತು. ಸೈಕಲ್ ಮಾರುತ್ತಿದ್ದ ಅಣ್ಣತಮ್ಮಂದಿರು ದನಗಳಿಗೆ ಕಣಿಕೆ ಕತ್ತರಿಸುವ ಯಂತ್ರ ಮಾಡಿದರು. 1903ರಲ್ಲಿ ಕಬ್ಬಿಣದ ನೇಗಿಲು ಮಾಡಿದರು.

ಕಬ್ಬಿಣ ತಾಗಿದರೆ ಮಣ್ಣಿಗೆ ನಂಜಾಗುತ್ತದೆ ಎಂದು ರೈತರು ಮೊದಮೊದಲು ಅದರ ಹತ್ತಿರ ಸುಳಿಯಲಿಲ್ಲವೆಂದು ಹೇಳುತ್ತಾರೆ. ಆ ಅಂಜಿಕೆಯನ್ನು ನಾನು ಹಗುರಾಗಿ ಕಾಣಲಾರೆ. ನೆಲ ಒಂದೇ ಆಸ್ತಿಯಾದವನು ಅದರ ಮೇಲೆ ಪ್ರಯೋಗ ಮಾಡಲು ಹಿಂದುಮುಂದು ನೋಡಬೇಕಾದದ್ದೇ. ಆದರೆ ನಮ್ಮ ಎರೆ ನೆಲದಲ್ಲಿ ಕರಿಕೆಯ ಬೇರು ಆಳಿನ ಮೊಳಕಾಲಿಗಿಂತ ಆಳಕ್ಕೆ ಇಳಿದಿರುತ್ತದೆ. ಕಟ್ಟಿಗೆಯ ರಂಟೆ ಅದರ ತಲೆ ಸವರಿ ಬರುತ್ತಿತ್ತು. ಕಬ್ಬಿಣದ ರಂಟೆ ಹೆಂಟೆ ಸಮೇತ ಮಗುಚಿ ಬೇರನ್ನು ಬಿಸಿಲಿಗೆ ಹಾಕಿತು. ಅದನ್ನು ಕಂಡ ಮೇಲೆ ಬೇಡಿಕೆ ನಿಲ್ಲಲಿಲ್ಲ. ಬೆಳಗಾವಿಯಲ್ಲಿ ಊರು ಬೆಳೆಸಲು ಜಾಗ ಬೇಕೆಂದು ಅವರನ್ನು ಎಬ್ಬಿಸಿದಾಗ ಔಂಧ ಸಂಸ್ಥಾನದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ತಮ್ಮ ಸೀಮೆಯಲ್ಲಿ ಜಾಗ ಕೊಟ್ಟರು. ಪಾಪಾಸುಕಳ್ಳಿ ಬೆಳೆದ ಆ ಬರಡಿನಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಕಾಗವಾಡದಿಂದ ಮೀರಜ್ ಹಿಡಿದು ಹೋದರೆ ಆಚೆಗೆ ಸಿಗುತ್ತದೆ. ಬೆಳಗಾವಿಗೂ ಅದಕ್ಕೂ ನಡುವಿನ ರೈಲು ದಾರಿ ಹಾಯುವುದು ನಮ್ಮ ರಾಯಬಾಗ, ಚಿಂಚಲಿ, ಕುಡಚಿ, ಶೇಡಬಾಳದ ಮೇಲೆಯೇ. ಅದೇ ಮನೆತನದ ಉದ್ಯಮ 1941ರಲ್ಲಿ ಹರಿಹರಕ್ಕೂ ಬಂದು, ಯಂತ್ರಗಳನ್ನು ಮಾಡುವ ಲೇಥ್ ಯಂತ್ರಗಳನ್ನು ಕಟ್ಟಿತು.

1903 ಎಂಬ ಇಸವಿಯ ಮುಂದೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅದೇ ವರ್ಷದ ಡಿಸೆಂಬರ್ 17ರಂದು ಅಮೆರಿಕದ ಕಿಟ್ಟಿ ಹಾಕ್ ಬಳಿಯ ಮರಳಿನ ಮೇಲಿಂದ ರೈಟ್ ಸಹೋದರರ ವಿಮಾನ ಮೇಲೆದ್ದಿತು. ಅವರೂ ಅಣ್ಣತಮ್ಮಂದಿರು. ಅವರದೂ ಸೈಕಲ್ ಅಂಗಡಿ, 1892ರಲ್ಲಿ ಓಹಾಯೋದ ಡೇಟನ್ನಿನಲ್ಲಿ ತೆರೆದದ್ದು. ರೆಕ್ಕೆಯ ಮೇಲೆ ಗಾಳಿ ಹೇಗೆ ಒತ್ತುತ್ತದೆಂದು ತಿಳಿಯಲು ಅವರು ಮೊದಲು ಸೈಕಲ್ಲಿನ ಹ್ಯಾಂಡಲ್ ಮೇಲೆ ಇನ್ನೊಂದು ಗಾಲಿಯನ್ನು ಅಡ್ಡಲಾಗಿ ಕೂಡಿಸಿ ಓಡಿಸಿ ನೋಡಿದ್ದರು. ಎಂಜಿನ್ನಿನಿಂದ ಪಂಖಕ್ಕೆ ಬಲ ಒಯ್ದದ್ದು ಚೈನು ಮತ್ತು ಹಲ್ಲುಚಕ್ರ. ಓಡಿ ಏರಲು ಹಳಿಯ ಮೇಲೆ ಇಟ್ಟ ಬಂಡಿಯಲ್ಲೂ ಸೈಕಲ್ಲಿನ ಗುಂಬ. ಭೂಮಿಯ ಎರಡು ಮಗ್ಗುಲಲ್ಲಿ ಎರಡು ಸೈಕಲ್ ಅಂಗಡಿಗಳು, ಒಂದರಿಂದ ಹೊರಟದ್ದು ಆಕಾಶಕ್ಕೆ ಏರಿತು, ಇನ್ನೊಂದರಿಂದ ಹೊರಟದ್ದು ಮಣ್ಣಿಗೆ ಇಳಿಯಿತು. ಯಾವುದು ದೊಡ್ಡದು ಎಂಬ ಲೆಕ್ಕಕ್ಕೆ ನಾನು ಕೈ ಹಾಕುವುದಿಲ್ಲ. ಆದರೆ ವಿಮಾನದ ಕತೆ ನಮ್ಮ ಮಕ್ಕಳ ಪಾಠದಲ್ಲಿದ್ದು, ಅದೇ ವರ್ಷದ ನೇಗಿಲಿನ ಕತೆ ನೇಗಿಲು ಹೂಡಿದ ನಾಡಿನ ಮಕ್ಕಳ ಕಿವಿಗೆ ಬೀಳದಿರುವುದು ನನಗೆ ನಿಜವಾಗಿ ಬೇಸರದ ಸಂಗತಿ.

ಎಲ್ಲ ಕಾಣುವ ಯಂತ್ರ ಎಂದೆ. ಹಾಗಾದರೆ ಎಲ್ಲ ತಿಳಿದಂತಾಯಿತೇ? ನನ್ನ ಬೆರಗು ಇರುವುದು ಇಲ್ಲಿ. ಓಡುವ ಸೈಕಲ್ ಯಾಕೆ ಬೀಳುವುದಿಲ್ಲ ಎಂಬ ಪ್ರಶ್ನೆ ಹೊಲದ ಬದುವಿನ ಮೇಲೆ ಕೂತು ಕೇಳಬಹುದಾದಷ್ಟು ಸಾದಾ. ತಿರುಗುವ ಗಾಲಿಗೆ ಬುಗುರಿಯ ಗುಣವಿದೆ, ಅದಕ್ಕೇ ಬೀಳುವುದಿಲ್ಲ ಎಂದು ಶಾಲೆಯಲ್ಲಿ ಕಲಿತೆವು. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ಇಂಗ್ಲೆಂಡಿನ ವಿಜ್ಞಾನಿ, ಉಲ್ಟಾ ತಿರುಗುವ ಮತ್ತೊಂದು ಗಾಲಿ ಕೂಡಿಸಿ ಆ ಗುಣವನ್ನೇ ಅಳಿಸಿದ ಸೈಕಲ್ ಮಾಡಿ, ಅದನ್ನೂ ಹತ್ತಿ ಓಡಿಸಿ ತೋರಿಸಿದ. ಮುಂದಿನ ಗಾಲಿ ನೆಲ ಮುಟ್ಟುವ ಜಾಗ ಹ್ಯಾಂಡಲ್ಲಿನ ಓರೆಗೆರೆಗಿಂತ ತುಸು ಹಿಂದೆ ಬೀಳುತ್ತದೆ, ಅದೇ ಕಾರಣ ಎಂದು ಇನ್ನು ಕೆಲವರು. 2011ರಲ್ಲಿ ಡೆಲ್ಫ್ಟ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ತಂಡವೊಂದು ಈ ಎರಡೂ ಕಾರಣಗಳನ್ನು ಕಿತ್ತುಹಾಕಿದ ಪುಟ್ಟ ದ್ವಿಚಕ್ರವನ್ನು ಕಟ್ಟಿ ನೂಕಿತು. ಸವಾರನಿಲ್ಲದ ಆ ಗಾಡಿ ತಾನೇ ಸಾವರಿಸಿಕೊಂಡು ಓಡಿತು. ತೂಕ ಎಲ್ಲಿ ಎಷ್ಟು ಹಂಚಿಕೊಂಡಿದೆ ಎಂಬುದೂ ಈ ಆಟದಲ್ಲಿದೆ ಎಂದು ಆಗ ಗೊತ್ತಾಯಿತು. ಲೆಕ್ಕದ ಸಮೀಕರಣಗಳು 1899ರಿಂದಲೇ ಇವೆ, ಕೇಂಬ್ರಿಜ್ಜಿನ ವಿಪ್ಪಲ್ ಬರೆದವು. ಅವು ಇಂಥ ಸೈಕಲ್ ನಿಲ್ಲುತ್ತದೆ, ಇಂಥದು ಬೀಳುತ್ತದೆ ಎಂದು ಹೇಳಬಲ್ಲವು. ಯಾಕೆ ಎಂಬುದನ್ನು ಒಂದೇ ಮಾತಿನಲ್ಲಿ ಹೇಳಬಲ್ಲವರು ಇನ್ನೂ ಬಂದಿಲ್ಲ.

ಇತ್ತ ಸೈಕಲ್ ಹೊಡೆಯುವುದನ್ನು ಯಾರೂ ಕಲಿಸದೆ ಮಕ್ಕಳು ಕಲಿಯುತ್ತಾರೆ. ಸೀಟಿಗೆ ಕಾಲು ನಿಲುಕದ ಹುಡುಗ ದಾಂಡಿನ ಕೆಳಗಿನ ತ್ರಿಕೋನದಲ್ಲಿ ಒಂದು ಕಾಲು ತೂರಿಸಿ, ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಕೈ ಸೀಟಿನ ಮೇಲೆ ಇಟ್ಟು, ಮೈಯನ್ನು ಬಿಲ್ಲಿನಂತೆ ಬಗ್ಗಿಸಿ ಒಳಪೆಡ್ಲು ಹೊಡೆಯುತ್ತಿದ್ದ. ತಾಸಿನ ಬಾಡಿಗೆಗೆ ಸೈಕಲ್ ಕೊಡುವ ಅಂಗಡಿ ಚಿಕ್ಕೋಡಿಯಲ್ಲೂ ಇದ್ದವು, ಅಥಣಿಯಲ್ಲೂ ಇದ್ದವು. ನಾಲ್ಕಾಣೆ ಕೂಡಿಸಿ ತಂದ ಹುಡುಗನ ಹಿಂದೆ ನಾಲ್ಕು ಹುಡುಗರು ಓಡುತ್ತಿದ್ದರು. ಆ ಹುಡುಗನ ಕೈಗೆ ಗೊತ್ತಿದ್ದ ಒಂದು ಗುಟ್ಟು ಅವನ ಬುದ್ಧಿಗೆ ಗೊತ್ತಿರಲಿಲ್ಲ. ಬಲಕ್ಕೆ ಹೊರಳಬೇಕಾದರೆ ಹ್ಯಾಂಡಲ್ ಮೊದಲು ಕ್ಷಣಮಾತ್ರ ಎಡಕ್ಕೆ ತಿರುಗಬೇಕು. ಆಗ ಗಾಲಿ ಎಡಕ್ಕೆ ಸರಿದು ಮೈ ಬಲಕ್ಕೆ ವಾಲುತ್ತದೆ, ವಾಲಿದ ಮೇಲಷ್ಟೇ ಹ್ಯಾಂಡಲ್ ಬಲಕ್ಕೆ. ಸೈಕಲ್ ಹೊಡೆಯುವ ಪ್ರತಿಯೊಬ್ಬರೂ ಪ್ರತಿ ತಿರುವಿನಲ್ಲೂ ಇದನ್ನು ಮಾಡುತ್ತಾರೆ. ಹೀಗೆ ಮಾಡುತ್ತೀರಾ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಇಲ್ಲವೇ ಇಲ್ಲ ಎನ್ನುತ್ತಾರೆ. ವಿಲ್ಬರ್ ರೈಟ್ ಇದನ್ನು ಗಮನಿಸಿ ಸವಾರರನ್ನು ಕೇಳಿ ನೋಡಿದ್ದ, ಅವರೂ ಹಾಗೆಯೇ ಹೇಳಿದ್ದರು. ದೇಹಕ್ಕೆ ಇಷ್ಟು ನಿಖರವಾಗಿ ತಿಳಿದಿರುವುದು ಮನಸ್ಸಿಗೆ ಇಷ್ಟು ಪೂರ್ತಿಯಾಗಿ ತಿಳಿಯದಿರುವ ಇನ್ನೊಂದು ವಿದ್ಯೆ ನನಗೆ ಕಾಣುವುದಿಲ್ಲ.

2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಎಲ್ಲ ಒಟ್ಟಿಗೆ ಉಕ್ಕಿ ನಮ್ಮ ಹಳ್ಳಿಗಳಿಗೆ ನುಗ್ಗಿದವು. ನೀರು ಇಳಿದ ಮೇಲೆ ಮನೆಗಳಿಂದ ಹೊರಗೆ ಬಂದ ವಸ್ತುಗಳಲ್ಲಿ ಟಿವಿ, ಮಿಕ್ಸರು, ಮೋಟರ್‌ಸೈಕಲ್ಲುಗಳು ಎಷ್ಟೋ ಕೆಟ್ಟೇ ಹೋಗಿದ್ದವು. ಸೈಕಲ್ಲುಗಳು ಎದ್ದವು. ಗುಂಬ ಬಿಚ್ಚಿದರೆ ಒಳಗೆ ಕೆಂಪು ರಾಡಿ. ಹಿಂದಿನ ಗುಂಬದ ಒಂದೊಂದು ಮಗ್ಗುಲಿಗೂ ಒಂಬತ್ತು ಉಕ್ಕಿನ ಗುಂಡು. ಅವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಹೊಸ ಗ್ರೀಸಿನಲ್ಲಿ ಒಂದೊಂದಾಗಿ ಕೂಡಿಸಿ, ಕೋನು ಬಿಗಿದರೆ ಗಾಲಿ ಮತ್ತೆ ತಿರುಗುತ್ತಿತ್ತು. 1869ರಲ್ಲಿ ಪ್ಯಾರಿಸ್ಸಿನಿಂದ ರೂಆಂವರೆಗೆ ನಡೆದ ಪಂದ್ಯವನ್ನು ಜೇಮ್ಸ್ ಮೂರ್ ಗೆದ್ದದ್ದು ಇಂಥ ಗುಂಡುಗಳನ್ನು ಗುಂಬದಲ್ಲಿ ಇಟ್ಟ ಸೈಕಲ್ಲಿನ ಮೇಲೆ, ಅದಕ್ಕೆ ಅದೇ ವರ್ಷ ಪೇಟೆಂಟ್ ಪಡೆದವನು ಸ್ಯೂರಿರೇ. ಒಂದೂವರೆ ಶತಮಾನದ ಮೇಲೆ ಆ ಗುಂಡುಗಳು ಕೃಷ್ಣೆಯ ರಾಡಿಯಿಂದ ಎದ್ದು ಮತ್ತೆ ಉರುಳಿದವು.

ನಮ್ಮ ಭಾಗದಲ್ಲಿ ಊರಿನ ಅರ್ಧ ಜನ ಊರಲ್ಲಿ ಇರುವುದಿಲ್ಲ, ತೋಟದ ಮನೆಗಳಲ್ಲಿ ಇರುತ್ತಾರೆ. ಕಬ್ಬಿನ ಮಧ್ಯೆ ಹಾಯುವ ಕಾಲುದಾರಿ, ಅದರ ಕೊನೆಗೆ ಒಂದು ಮನೆ, ಹೈಸ್ಕೂಲು ಎರಡು ಮೂರು ಮೈಲಿ. ಏಳನೆಯ ಇಯತ್ತೆ ಮುಗಿದ ಹುಡುಗಿಯ ಓದು ಆ ದಾರಿಯಲ್ಲೇ ನಿಲ್ಲುತ್ತಿತ್ತು. 2006ರಿಂದ ರಾಜ್ಯ ಸರಕಾರ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡತೊಡಗಿದ ಮೇಲೆ ಬೆಳಿಗ್ಗೆ ಒಂಬತ್ತರ ಸುಮಾರಿಗೆ ರಾಯಬಾಗದ ತೋಟಗಳ ದಾರಿಯಲ್ಲಿ ನಿಂತವರು ಕಂಡದ್ದನ್ನು ಮರೆಯಲಾರರು: ಎರಡು ಜಡೆ, ಬೆನ್ನಿಗೆ ಚೀಲ, ಸಾಲು ಸಾಲು ಹುಡುಗಿಯರು, ಒಬ್ಬಳ ಹಿಂದೆ ಕ್ಯಾರಿಯರಿನಲ್ಲಿ ಇನ್ನೊಬ್ಬಳು. ಆ ಸೈಕಲ್ಲಿಗೆ ನಡುವಿನ ದಾಂಡು ಇರಲಿಲ್ಲ. ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ ನೆಲ ಗುಡಿಸುವ ಲಂಗ ಉಟ್ಟ ಹೆಂಗಸರು ಹತ್ತಲೆಂದು ದಾಂಡನ್ನು ಕೆಳಗೆ ಬಗ್ಗಿಸಿದ್ದರು. ಅವರ ಮನೆಗಳಲ್ಲೂ ಹುಡುಗಿ ಸೈಕಲ್ ಹೊಡೆಯುವುದೇ ಎಂದು ಗದ್ದಲ ಎದ್ದಿತ್ತು. ಕೋವಿಡ್ ಬಂದಾಗ ನಮ್ಮ ಯೋಜನೆ ನಿಂತಿತು. ಅದೇ ಹೊತ್ತಿಗೆ, 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಸೈಕಲ್ ಕಂಪನಿಯ ಸಾಹಿಬಾಬಾದಿನ ಕಾರ್ಖಾನೆಯೂ ಕೆಲಸ ನಿಲ್ಲಿಸಿತು. ಆ ಯೋಜನೆ ನಿಲ್ಲಬಾರದಿತ್ತೆಂದು ನನ್ನ ಗಟ್ಟಿ ಅಭಿಪ್ರಾಯ. ಸರಕಾರದ ಸೈಕಲ್ಲಿನ ಗುಣಮಟ್ಟದ ಬಗ್ಗೆ ದೂರು ಇದ್ದವು, ನಿಜ. ದೂರಿಗೆ ಉತ್ತರ ಗಟ್ಟಿ ಸೈಕಲ್ ಕೊಡುವುದೇ ಹೊರತು ಕೊಡದಿರುವುದಲ್ಲ.

ನನ್ನದೊಂದು ಕೋರಿಕೆಯಿದೆ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಒಂದೊಂದು ಹೈಸ್ಕೂಲಿನ ಪ್ರಯೋಗಶಾಲೆಗೂ ಒಂದು ಹಳೆಯ ಸೈಕಲ್ ಬೇಕು, ಓಡಿಸಲಿಕ್ಕಲ್ಲ, ಬಿಚ್ಚಲಿಕ್ಕೆ. ವಾರಕ್ಕೊಂದು ಸಲ ಊರಿನ ಸೈಕಲ್ ಅಂಗಡಿಯವರನ್ನೇ ಕರೆದು, ಕುರ್ಚಿ ಹಾಕಿ ಕೂರಿಸಿ, ಗೌರವದಿಂದ ಪಾಠ ಹೇಳಿಸಬೇಕು. ಎಡಗಡೆಯ ಪೆಡಲ್ ಬಿಚ್ಚಲು ಪಾನಾ ಯಾವ ಕಡೆ ತಿರುಗಿಸಬೇಕು ಎಂದು ಅವರು ಮೊದಲು ಕೇಳಲಿ. ಮಕ್ಕಳು ಎಲ್ಲ ತಿರುಪಿನ ಹಾಗೆ ತಿರುಗಿಸಲು ಹೋಗುತ್ತಾರೆ, ಅದು ಇನ್ನಷ್ಟು ಬಿಗಿಯುತ್ತದೆ. ಎಡ ಪೆಡಲಿನ ತಿರುಪು ಉಲ್ಟಾ. ಯಾಕೆ ಎಂದರೆ, ಒಂದು ಮುಷ್ಟಿಯನ್ನು ಸಡಿಲ ಬಳೆಯಂತೆ ಹಿಡಿದು, ಅದರೊಳಗೆ ಪೆನ್ಸಿಲ್ ನಿಲ್ಲಿಸಿ, ಪೆನ್ಸಿಲ್ಲಿನ ತುದಿಯನ್ನು ಬೆರಳಿನ ಗೋಡೆಗೆ ಒತ್ತುತ್ತ ಸುತ್ತ ಸುತ್ತಿಸಿ ನೋಡಿ. ನೀವು ಸುತ್ತಿಸಿದ್ದು ಬಲಕ್ಕಾದರೆ ಪೆನ್ಸಿಲ್ ತನ್ನ ಮೈಯಲ್ಲಿ ತಾನು ಎಡಕ್ಕೆ ಹೊರಳುತ್ತದೆ. ತುಳಿಯುವ ಕಾಲಿನ ಭಾರ ಪೆಡಲಿನ ಕೀಲನ್ನು ಅದರ ತೂತಿನಲ್ಲಿ ಹೀಗೆಯೇ ಸುತ್ತ ಒತ್ತುತ್ತ ಹೋಗುತ್ತದೆ. ಮಾಮೂಲಿ ತಿರುಪು ಇಟ್ಟಿದ್ದರೆ ಎಡ ಪೆಡಲ್ ಹಾದಿಯಲ್ಲಿ ಕಳಚಿ ಬೀಳುತ್ತಿತ್ತು. ಮಕ್ಕಳು ಪೆನ್ಸಿಲ್ ಹಿಡಿದು ಮಾಡಿ ನೋಡಲಿ, ಒಬ್ಬರನ್ನೊಬ್ಬರು ಕೂಗಿ ಕರೆದು ತೋರಿಸಲಿ. ಆ ಮೇಲೆ ಹಿಂದಿನ ಗಾಲಿ ಬಿಚ್ಚಿದರಾಯಿತು. ಫ್ರೀವೀಲಿನೊಳಗೆ ಟಿಕ್ ಟಿಕ್ ಅನ್ನುವುದು ಏನು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.